ಕಲ್ಪತರು ನಾಡಿನ ಬಿಳಿ ಪಾನೀಯಕ್ಕೆ ಬೇರೆ ಅಳತೆಗೋಲೇಕೆ?

ಬೆಂಗಳೂರಿನ ದೊಡ್ಡ ಹೋಟೆಲುಗಳ ಪಾನೀಯ ಪಟ್ಟಿಯಲ್ಲಿ ಬಿಳಿ ವೈನಿಗೆ ಈಗ ಗೌರವದ ಸ್ಥಾನ ದೊರೆತಿದೆ. ಅದರಲ್ಲಿಯೂ ಸಾವಿನ್ಯೋಂ ಬ್ಲಾಂ ಎಂಬ ದ್ರಾಕ್ಷಿ ತಳಿಯಿಂದ ತಯಾರಾಗುವ, ನಾಲಿಗೆಯ ಮೇಲೆ ಚುರುಕಾದ ಹುಳಿಯನ್ನು ಉಳಿಸಿ ಹೋಗುವ ವೈನನ್ನು ಬಲ್ಲವರು ವಿಶೇಷವಾಗಿ ಮೆಚ್ಚುತ್ತಾರೆ. ಈ ಚುರುಕಿನ ಗುಟ್ಟು ದೊಡ್ಡದೇನಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಉಳಿದು, ಸಕ್ಕರೆ ಬಹುಪಾಲು ಕಳೆದುಹೋದಾಗ ಆ ರುಚಿ ಬರುತ್ತದೆ. ಜಿಡ್ಡಿನ ಅಥವಾ ಉಪ್ಪಿನ ಆಹಾರದೊಡನೆ ಕುಡಿದಾಗ ಆ ಹುಳಿ ನಾಲಿಗೆಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತದೆ. ಫ್ರಾನ್ಸಿನ ಲ್ವಾರ್ ನದಿಯ ಕಣಿವೆಯಲ್ಲಿ ಸಾನ್ಸೇರ್ ವೈನಿಗೆ ಆಡಿನ ಹಾಲಿನ ಚೀಸು, ಅದೇ ನದಿ ಸಮುದ್ರ ಸೇರುವಲ್ಲಿ ಮುಸ್ಕಾದೆ ವೈನಿಗೆ ಸಿಂಪಿಯ ಮಾಂಸ ಜೊತೆಯಾದದ್ದು ಯಾವ ಪಂಡಿತರ ಅಪ್ಪಣೆಯಿಂದಲೂ ಅಲ್ಲ. ಒಂದೇ ನೆಲದಲ್ಲಿ ಹುಟ್ಟಿದ ಪಾನೀಯವೂ ಆಹಾರವೂ ಕಾಲಾಂತರದಲ್ಲಿ ಒಂದಕ್ಕೊಂದು ಹೊಂದಿಕೊಂಡವು, ಅಷ್ಟೆ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ಅದಕ್ಕಾಗಿ ಪ್ರತ್ಯೇಕ ಮಂಡಳಿಯನ್ನೂ ಸ್ಥಾಪಿಸಿತು. ವೈನ್ ಎಂಬುದು ಕೇವಲ ಮದ್ಯವಲ್ಲ, ಅದು ತೋಟಗಾರಿಕೆಯ ಮೌಲ್ಯವರ್ಧಿತ ಉತ್ಪನ್ನ ಎಂಬುದು ಆ ನೀತಿಯ ಹಿಂದಿನ ತಿಳಿವಳಿಕೆ. ನಂದಿ ಬೆಟ್ಟದ ಆಸುಪಾಸಿನ ಮತ್ತು ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದರಿಂದ ಒಂದು ಹೊಸ ಬಾಗಿಲು ತೆರೆಯಿತು. ಇದನ್ನು ಆಕ್ಷೇಪಿಸುವ ಕಾರಣವಿಲ್ಲ. ಆದರೆ ರಾಜಧಾನಿಯಿಂದ ವಾಯವ್ಯಕ್ಕೆ ಮೂರು ಗಂಟೆಯ ದಾರಿಯಲ್ಲಿರುವ ಇನ್ನೊಂದು ಸೀಮೆಗೂ ತನ್ನದೇ ಆದ ಬಿಳಿ ಪಾನೀಯವೊಂದಿದೆ. ಅದನ್ನು ನಮ್ಮ ಆಡಳಿತ ನೋಡಿದ ಕಣ್ಣೇ ಬೇರೆ. ಈ ವ್ಯತ್ಯಾಸ ನ್ಯಾಯವೇ ಎಂಬುದು ಇಲ್ಲಿನ ಪ್ರಶ್ನೆ.

ಕೊಬ್ಬರಿಯ ಸೀಮೆ

ತುಮಕೂರು ದಾಟಿ ಹೊನ್ನಾವರದ ಹೆದ್ದಾರಿಯಲ್ಲಿ ಗುಬ್ಬಿ, ನಿಟ್ಟೂರುಗಳನ್ನು ಹಿಂದೆ ಬಿಟ್ಟರೆ ತೆಂಗಿನ ಸಾಮ್ರಾಜ್ಯ ಆರಂಭವಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಇದರ ಹೃದಯಭಾಗ. ಇದು ಕರಾವಳಿಯ ತೆಂಗಲ್ಲ. ಸಮುದ್ರದ ಉಪ್ಪುಗಾಳಿಯಾಗಲಿ ಧಾರಾಕಾರ ಮಳೆಯಾಗಲಿ ಇಲ್ಲದ, ಕೆರೆ ಮತ್ತು ಕೊಳವೆಬಾವಿಯ ನೀರನ್ನೇ ನಂಬಿದ ಕೆಂಪು ಭೂಮಿಯ ತೆಂಗು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದ ತೆಂಗಿನ ತೋಟಗಳ ಬಗ್ಗೆಯೂ ಬರೆದಿಟ್ಟಿದ್ದಾನೆ. ‘ತಿಪಟೂರು ಎತ್ತರ’ ಎಂಬ ತಳಿಯ ಹೆಸರೇ ಈ ನೆಲದ್ದು. ಅದರಿಂದ ಆಯ್ದು ಅಭಿವೃದ್ಧಿಪಡಿಸಿದ ‘ಕಲ್ಪತರು’ ತಳಿ ಉಂಡೆ ಕೊಬ್ಬರಿಗೆ ಹೇಳಿಮಾಡಿಸಿದಂತಹುದು.

ಉಂಡೆ ಕೊಬ್ಬರಿಯೇ ಈ ಸೀಮೆಯ ವೈಶಿಷ್ಟ್ಯ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಗುಡುಗುಡು ಎಂದು ಸದ್ದು ಮಾಡುವ ತನಕ ಅದನ್ನು ಮುಟ್ಟುವುದಿಲ್ಲ. ಬಳಿಕ ಒಡೆದು ತಿಪಟೂರಿನ ಕೃಷಿ ಮಾರುಕಟ್ಟೆಗೆ ತಂದರೆ ಅಲ್ಲಿಂದ ಉತ್ತರ ಭಾರತದ ಪೂಜೆ, ಮದುವೆ, ಒಣಹಣ್ಣಿನ ಅಂಗಡಿಗಳಿಗೆ ಪಯಣ. ಮರ ಹೂಬಿಟ್ಟು ಕಾಯಿ ಬಲಿಯಲು ಒಂದು ವರ್ಷ, ಕೊಬ್ಬರಿಯಾಗಲು ಮತ್ತೊಂದು ವರ್ಷ. ಅಂದರೆ ರೈತ ಇಂದು ಕಾಣುವ ಬೆಲೆ ಎರಡು ವರ್ಷದ ಹಿಂದಿನ ಹೊಂಬಾಳೆಯ ಬೆಲೆ. ಇಷ್ಟು ದೀರ್ಘವಾಗಿ ಬಂಡವಾಳ ಕಟ್ಟಿಹಾಕುವ ಬೆಳೆಗೆ ಬೆಲೆಯ ಏರುಪೇರು ಎಷ್ಟು ಮಾರಕ ಎಂಬುದನ್ನು ವಿವರಿಸಬೇಕಾಗಿಲ್ಲ.

ಬಿಳುಪು ಎಲ್ಲಿಂದ ಬಂತು?

ಇದೇ ಹೊಂಬಾಳೆ ಕಾಯಿ ಕಟ್ಟದೆ ಇನ್ನೊಂದು ರೀತಿಯಲ್ಲಿಯೂ ಫಲ ಕೊಡಬಲ್ಲದು. ಅರಳದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ದಿನವೂ ಹದವಾಗಿ ಬಡಿದು, ತುದಿಯನ್ನು ತೆಳ್ಳಗೆ ಸವರುತ್ತ ಹೋದರೆ ಕೆಲವು ದಿನಗಳ ನಂತರ ರಸ ಜಿನುಗತೊಡಗುತ್ತದೆ. ಚೆನ್ನಾಗಿ ಬೆಳೆದ ಮರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸ ಕೊಡುತ್ತದೆಂಬುದು ಸಾಮಾನ್ಯ ಲೆಕ್ಕ. ಅದರಲ್ಲಿ ಶೇಕಡ 12ರಿಂದ 15ರಷ್ಟು ಸಕ್ಕರೆ, ಜೊತೆಗೆ ಪೊಟ್ಯಾಸಿಯಂ, ಅಮೈನೊ ಆಮ್ಲಗಳು. ಇದೇ ನೀರಾ.

ನೀರಾದ ಆಯುಷ್ಯ ಬಹಳ ಚಿಕ್ಕದು. ಮರದ ಮೇಲೆಯೇ ಗಾಳಿಯಲ್ಲಿನ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಅದನ್ನು ಸೇರಿ ಕೆಲಸ ಆರಂಭಿಸುತ್ತವೆ. ಮುಂಜಾನೆ ಸಿಹಿಯಾಗಿದ್ದದ್ದು ಬಿಸಿಲೇರುವ ಹೊತ್ತಿಗೆ ನೊರೆಯೆದ್ದು ನವಿರಾದ ಹುಳಿಗೆ ತಿರುಗುತ್ತದೆ. ಅಲ್ಲಿಗೆ ಅದು ಹೆಂಡ, ಅಬಕಾರಿ ಇಲಾಖೆಯ ಭಾಷೆಯಲ್ಲಿ ಸೇಂದಿ. ಅದರ ಮದ್ಯಸಾರ ಶೇಕಡ 4ರಿಂದ 6ರ ಆಸುಪಾಸು, ಅಂದರೆ ಬಿಯರಿಗೆ ಸಮ, ವೈನಿನ ಅರ್ಧಕ್ಕಿಂತ ಕಡಿಮೆ. ಇನ್ನೂ ಬಿಟ್ಟರೆ ವಿನೆಗರ್. ಹೀಗೆ ಒಂದೇ ಮಡಕೆಯಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಪಾನಕ, ಮದ್ಯ, ಹುಳಿನೀರು ಮೂರೂ ಹಾದುಹೋಗುತ್ತವೆ. ದ್ರಾಕ್ಷಿ ರಸ ವಾರಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸವನ್ನು ತೆಂಗಿನ ರಸ ಗಂಟೆಗಳಲ್ಲಿ ಮಾಡಿ ಮುಗಿಸುತ್ತದೆ.

ಇಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ನಾವು ನೀರಾ ಎಂದರೆ ಹಾಲುಬಿಳುಪಿನ ದ್ರವವೆಂದೇ ಭಾವಿಸಿದ್ದೇವೆ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಜುಗಡ್ಡೆ ತುಂಬಿದ ಶೀತಕವೊಂದನ್ನು ರೂಪಿಸಿ, ಹೊಂಬಾಳೆಯ ತುದಿಯಿಂದ ರಸ ನೇರವಾಗಿ ತಂಪಿಗೇ ಇಳಿಯುವಂತೆ ಮಾಡಿದರು. ಸುಣ್ಣ ಬಳಿದ ಮಡಕೆಯ ಅಗತ್ಯ ಉಳಿಯಲಿಲ್ಲ. ಹಾಗೆ ಸಂಗ್ರಹಿಸಿದ ರಸದ ಬಣ್ಣ ಬಿಳಿಯಲ್ಲ, ಜೇನಿನ ಹೊಂಬಣ್ಣ. ಅದಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅಂದರೆ ನಾವು ನೋಡುವ ಬಿಳುಪಿಗೆ ಹಳೆಯ ಪದ್ಧತಿಯ ಮಡಕೆ, ಸುಣ್ಣ ಮತ್ತು ಆಗಲೇ ಆರಂಭವಾದ ಹುದುಗು ಕಾರಣ. ಅಮಲೇರದ ಶುದ್ಧ ರಸವನ್ನೂ ಅಮಲೇರಿದ ಹೆಂಡವನ್ನೂ ಬಿಡಿಸಿ ನೋಡುವುದು ಕಷ್ಟ ಎಂಬ ಅಬಕಾರಿ ಅಧಿಕಾರಿಗಳ ಹಳೆಯ ವಾದ ಇದರಿಂದ ಬಹುಮಟ್ಟಿಗೆ ಬಿದ್ದುಹೋಯಿತು.

ಊಟದ ಜೊತೆ

ಹುಳಿ ಜಿಡ್ಡನ್ನು ಕಡಿಯುತ್ತದೆ ಎಂಬ ನಿಯಮ ಲ್ವಾರ್ ಕಣಿವೆಗೆ ಮಾತ್ರ ಸೀಮಿತವಲ್ಲ. ತೆಂಗಿನ ತಿರುಳಿನ ಕೊಬ್ಬು ಸಮೃದ್ಧವಾದದ್ದು. ಅದನ್ನು ಸಮತೂಗಿಸಲೆಂದೇ ನಮ್ಮ ಅಡುಗೆಮನೆಗಳು ಹುಣಸೆ, ಮಾವಿನಕಾಯಿ, ಮಜ್ಜಿಗೆಗಳನ್ನು ಆಶ್ರಯಿಸಿದವು. ಕರಾವಳಿಯಲ್ಲಿ ಆ ಕೆಲಸಕ್ಕೆ ತೆಂಗಿನ ಹೆಂಡವೂ ಒದಗಿತು. ಮಂಗಳೂರಿನ ಕ್ರೈಸ್ತರ ಸನ್ನ, ಕೇರಳದ ಅಪ್ಪಂ ಉಬ್ಬುತ್ತಿದ್ದುದು ಹೆಂಡದ ಹುದುಗಿನಿಂದ. ಗೋವಾದ ಅಡುಗೆಯ ಖಾರಕ್ಕೆ ಮೊನಚು ಕೊಡುವುದು ತೆಂಗಿನ ವಿನೆಗರ್. ಕೇರಳದ ಹೆಂಡದಂಗಡಿಗಳ ಮೀನಿನ ಸಾರು ಮತ್ತು ಬೇಯಿಸಿದ ಮರಗೆಣಸು ಇಂದು ಪ್ರವಾಸಿಗರನ್ನು ಸೆಳೆಯುವ ಊಟವಾಗಿದೆ. ಸ್ಪೇನಿನ ಹಡಗುಗಳಲ್ಲಿ ಫಿಲಿಪ್ಪೀನ್ಸಿನಿಂದ ಹೋದವರು ಈ ವಿದ್ಯೆಯನ್ನು ಮೆಕ್ಸಿಕೊದ ಕೊಲಿಮಾಗೆ ಒಯ್ದರು. ಅಲ್ಲಿ ‘ತುಬಾ’ ಎಂಬ ಹೆಸರಿನಲ್ಲಿ ತೆಂಗಿನ ರಸವನ್ನು ಇಂದಿಗೂ ಬೀದಿಯಲ್ಲಿ ಮಾರುತ್ತಾರೆ.

ನಮ್ಮ ಬಯಲುಸೀಮೆಯಲ್ಲಿ ಇಂತಹ ಪಾಕಸಂಪ್ರದಾಯ ಅಷ್ಟಾಗಿ ಬೆಳೆಯಲಿಲ್ಲ. ಇಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲದ ಹೆಂಡ. ತೆಂಗು ಕಾಯಿಗಾಗಿ, ಕೊಬ್ಬರಿಗಾಗಿ ಮೀಸಲಾದ ಮನೆಯ ಮರ. ಆದರೆ ರುಚಿಯ ಲೆಕ್ಕದಲ್ಲಿ ನೋಡಿದರೆ ತಿಪಟೂರಿನ ಊಟ ಈ ರಸಕ್ಕೆ ದೂರದ್ದಲ್ಲ. ರಾಗಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಹುಳಿ, ಖಾರವಾದ ಬಸ್ಸಾರು, ಹುರುಳಿ ಉಸಲಿ ಇವುಗಳೊಡನೆ ತಂಪಾದ ನೀರಾ ಸೊಗಸಾಗಿ ಹೊಂದುತ್ತದೆ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ, ಸಿಹಿ ತಣಿಸುತ್ತದೆ. ಹೀಗಾಗಿಯೇ ಶೇಕಡ 12 ಮದ್ಯಸಾರವಿರುವ ಒಣ ವೈನು ನಮ್ಮ ಖಾರದ ಸಾರಿನ ಮುಂದೆ ಕೆಲವೊಮ್ಮೆ ಸೋಲುತ್ತದೆ. ಸಿಹಿ ರಸಕ್ಕೆ ಆ ಕಷ್ಟವಿಲ್ಲ. ನಗರದ ದರ್ಶಿನಿಯೊಂದರಲ್ಲಿ ಮಸಾಲೆ ದೋಸೆಯ ಪಕ್ಕದಲ್ಲಿ ಬಾಟಲಿಯ ಬಣ್ಣದ ನೀರಿಗೆ ಬದಲಾಗಿ ಒಂದು ಲೋಟ ನೀರಾ ಇರಬಾರದೇಕೆ ಎಂದು ಕೇಳುವುದು ಅತಿಯಾಸೆಯಲ್ಲ.

ಕಾನೂನಿನ ಹಾದಿ

ಹಾಗಾದರೆ ಅದು ಅಲ್ಲಿಗೆ ತಲುಪಲಿಲ್ಲವೇಕೆ? ಉತ್ತರ ಅಡುಗೆಮನೆಯಲ್ಲಿಲ್ಲ, ಕಾಯಿದೆಯ ಪುಸ್ತಕದಲ್ಲಿದೆ. 1886ರ ಮದ್ರಾಸ್ ಅಬಕಾರಿ ಕಾಯಿದೆಯ ಪ್ರಕಾರ, ಹುದುಗಿರಲಿ ಹುದುಗದಿರಲಿ, ತಾಳೆ ಜಾತಿಯ ಮರಗಳಿಂದ ಇಳಿಸಿದ ರಸವೆಲ್ಲವೂ ಸೇಂದಿಯೇ. ವಸಾಹತು ಸರ್ಕಾರಕ್ಕೆ ಬೇಕಾಗಿದ್ದುದು ಮರದ ಮೇಲಿನ ಕಂದಾಯ, ಅದರ ರಸದ ಗುಣಭೇದವಲ್ಲ. ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧದತ್ತ ಸಾಗುವಂತೆ ಸರ್ಕಾರಗಳಿಗೆ ನಿರ್ದೇಶಿಸುತ್ತದೆ. ಪಾನನಿಷೇಧದ ಮುಂಚೂಣಿಯಲ್ಲಿದ್ದ ಗಾಂಧೀಜಿಯವರೇ ನೀರಾ ಮತ್ತು ತಾಳೆಬೆಲ್ಲವನ್ನು ಹೆಂಡಕ್ಕೆ ಪರ್ಯಾಯವೆಂದು ಎತ್ತಿಹಿಡಿದಿದ್ದರು ಎಂಬುದನ್ನು ಮಾತ್ರ ನಾವು ಮರೆತೆವು.

ತೊಂಬತ್ತರ ದಶಕದ ಕೊನೆಯಲ್ಲಿ ತೆಂಗಿಗೆ ಎರಡು ಪೆಟ್ಟುಗಳು ಒಟ್ಟಿಗೇ ಬಿದ್ದವು. ಒಂದು ಕಡೆ ಆಮದು ತಾಳೆ ಎಣ್ಣೆಯ ಹೊಳೆ, ಇನ್ನೊಂದು ಕಡೆ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹರಡಿದ ನುಸಿಪೀಡೆ. ನುಸಿ ಹಾಳುಮಾಡುವುದು ಕಾಯಿಯನ್ನು. ಕಾಯಿ ಕಟ್ಟುವ ಮೊದಲೇ ರಸ ಇಳಿಸಿದರೆ ಅದರ ಹಂಗಿಲ್ಲ. ನೀರಾ ಇಳಿಸಲು ಅವಕಾಶ ಕೊಡಿ ಎಂಬ ರೈತರ ಬೇಡಿಕೆ ಹುಟ್ಟಿದ್ದು ಈ ಸಂಕಟದಿಂದ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿ ಗೋಲಿಬಾರಿನಲ್ಲಿ ಕೊನೆಗೊಂಡಿತು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. 2004ರಲ್ಲಿ ಕರಾವಳಿಯ ಎರಡು ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಉಳಿದೆಡೆ ಸೇಂದಿ ನಿಂತಿತು. 2007ರ ಜುಲೈಯಲ್ಲಿ ಸಾರಾಯಿಯೂ ನಿಂತಿತು. ವೈನ್ ನೀತಿ ಬಂದದ್ದೂ ಅದೇ ವರ್ಷವೇ. ಮುಂದೆ ನೀರಾಕ್ಕೆ ಷರತ್ತುಗಳ ಪರವಾನಗಿಯ ಮೂಲಕ ದಾರಿ ತೆರೆಯಿತಾದರೂ, ಅದು ಹೆದ್ದಾರಿಯಾಗಲಿಲ್ಲ, ಕಾಲುದಾರಿಯಾಗಿಯೇ ಉಳಿಯಿತು.

ದ್ರಾಕ್ಷಿ ಬೆಳೆಗಾರನ ಶೇಕಡ 12ರ ಪಾನೀಯಕ್ಕೆ ಮಂಡಳಿ, ಉತ್ಸವ, ಪ್ರೋತ್ಸಾಹ. ತೆಂಗು ಬೆಳೆಗಾರನ ಅಮಲೇ ಇಲ್ಲದ ರಸಕ್ಕೆ ಪರವಾನಗಿ, ತಪಾಸಣೆ, ಸಂಶಯ. ಈ ನಡುವೆ ರಾಜ್ಯದ ಅಬಕಾರಿ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಯನ್ನು ಮೀರಿ ಬೆಳೆದಿದೆ. ಅದರ ಬಹುಪಾಲು ಬರುವುದು ಶೇಕಡ 42.8 ಮದ್ಯಸಾರದ ವಿಸ್ಕಿ, ರಮ್, ಬ್ರಾಂದಿಗಳಿಂದ. ಪಾನನಿಷೇಧದ ತತ್ವವನ್ನು ದುರ್ಬಲ ಪಾನೀಯದ ಮೇಲೆ ಪ್ರಯೋಗಿಸಿ, ವರಮಾನದ ತತ್ವವನ್ನು ಪ್ರಬಲ ಪಾನೀಯಕ್ಕೆ ಅನ್ವಯಿಸಿದಂತಾಯಿತು. ದೀರ್ಘಕಾಲ ಕಡತಗಳ ನಡುವೆ ಕಳೆದ ನನಗೆ ಇದರಲ್ಲಿ ಯಾವ ಪಿತೂರಿಯೂ ಕಾಣುವುದಿಲ್ಲ. ತೋಟಗಾರಿಕೆ, ಅಬಕಾರಿ, ಸಹಕಾರ ಇಲಾಖೆಗಳು ತಮ್ಮ ತಮ್ಮ ಕಡತವನ್ನು ಮಾತ್ರ ನೋಡಿದರೆ ಆಗುವ ಪರಿಣಾಮವೇ ಇದು.

ಸರಳ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಒಂದು ಮರ ವರ್ಷಕ್ಕೆ 80 ಕಾಯಿ ಬಿಟ್ಟು, ಕಾಯಿಗೆ 170 ಗ್ರಾಂ ಕೊಬ್ಬರಿ ಬಂದರೆ ಒಟ್ಟು 13.6 ಕಿಲೊ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ಬೆಲೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಆ ದರದಲ್ಲಿ ಒಂದು ಮರದ ವಾರ್ಷಿಕ ಹುಟ್ಟುವಳಿ ಸುಮಾರು 1,090 ರೂಪಾಯಿ. 2025ರಲ್ಲಿ ಅದೇ ಮಾರುಕಟ್ಟೆಯ ದರ 25 ಸಾವಿರವನ್ನು ದಾಟಿತು. ಆಗ ಅದೇ ಮರದ ಹುಟ್ಟುವಳಿ 3,400 ರೂಪಾಯಿ. ಎರಡೇ ವರ್ಷದಲ್ಲಿ ಮೂರು ಪಟ್ಟು! ರೈತನ ಶ್ರಮ ಮೂರು ಪಟ್ಟಾಗಲಿಲ್ಲ, ಮರವೂ ಬದಲಾಗಲಿಲ್ಲ.

ಇನ್ನು ವರ್ಷದಲ್ಲಿ ಆರು ತಿಂಗಳು ಮಾತ್ರ, ದಿನಕ್ಕೆ ಒಂದೂವರೆ ಲೀಟರಿನಂತೆ ನೀರಾ ಇಳಿಸಿದರೆಂದು ಭಾವಿಸೋಣ. 270 ಲೀಟರ್. ಮರ ಹತ್ತುವವರ ಕೂಲಿ, ಮಂಜುಗಡ್ಡೆ, ಸಾಗಣೆ ಎಲ್ಲ ಕಳೆದು ಮರದ ಒಡೆಯನಿಗೆ ಲೀಟರಿಗೆ ಬರಿಯ 5 ರೂಪಾಯಿ ಉಳಿದರೂ 1,350 ರೂಪಾಯಿ. ಅದಕ್ಕಾಗಿ ಅವನು ಬಿಟ್ಟುಕೊಟ್ಟದ್ದು ಅರ್ಧ ವರ್ಷದ ಕೊಬ್ಬರಿ. ಕುಸಿದ ಬೆಲೆಯಲ್ಲಿ ಅದು 545 ರೂಪಾಯಿ, ಏರಿದ ಬೆಲೆಯಲ್ಲಿ 1,700. ಅಂದರೆ ಕೊಬ್ಬರಿ ಬಿದ್ದ ವರ್ಷ ನೀರಾ ಲಾಭ, ಕೊಬ್ಬರಿ ಎದ್ದ ವರ್ಷ ನಷ್ಟ. ಈ 5 ರೂಪಾಯಿ ಕೇವಲ ಉದಾಹರಣೆಯ ಅಂಕಿ. ಅದನ್ನು ಬದಲಿಸಿದರೆ ಸಮತೋಲ ಬೇರೆಡೆಗೆ ಸರಿಯುತ್ತದೆ. ಆದರೆ ತತ್ವ ಸ್ಪಷ್ಟ. ನೀರಾ ಎಂಬುದು ಕೊಬ್ಬರಿಗೆ ಬದಲಿಯಲ್ಲ, ವಿಮೆ. ಎರಡು ವರ್ಷ ಕಾಯಬೇಕಾದ ಬೆಳೆಗೆ ದಿನವೂ ಕೈಗೆ ಹಣ ಬರುವ ಒಂದು ಪರ್ಯಾಯ. ಬೆಂಬಲ ಬೆಲೆಯ ಖರೀದಿ ಕೇಂದ್ರದ ಮುಂದೆ ಸರದಿ ನಿಲ್ಲುವ ಅನಿವಾರ್ಯವನ್ನು ಅದು ಸ್ವಲ್ಪವಾದರೂ ತಗ್ಗಿಸಬಲ್ಲದು.

ಆಕ್ಷೇಪಗಳು ಹುಸಿಯಲ್ಲ

ಇದರ ವಿರುದ್ಧ ಇರುವ ವಾದಗಳನ್ನು ಹಗುರವಾಗಿ ಕಾಣಬಾರದು. ಹೆಂಡದ ಗುತ್ತಿಗೆಯ ಕಾಲದಲ್ಲಿ ಮರದ ರಸಕ್ಕಿಂತ ಕ್ಲೋರಲ್ ಹೈಡ್ರೇಟ್ ಬೆರೆಸಿದ ನೀರೇ ಹೆಚ್ಚು ಮಾರಾಟವಾಗುತ್ತಿತ್ತೆಂಬ ದೂರು ಸುಳ್ಳಲ್ಲ. ಅದರ ಬೆಲೆ ತೆತ್ತವರು ಕೂಲಿಕಾರರ ಮನೆಯ ಹೆಂಗಸರು, ಮಕ್ಕಳು. ಹೆಂಡ ಇಳಿಸುವುದನ್ನೇ ಕುಲಕಸುಬಾಗಿ ಹೊಂದಿದ್ದ ಸಮುದಾಯದಲ್ಲಿಯೇ ಹುಟ್ಟಿದ ನಾರಾಯಣ ಗುರುಗಳು ಮದ್ಯವನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಬೋಧಿಸಿದರು. ಆ ಮಾತಿನ ತೂಕ ಇಂದಿಗೂ ಕಡಿಮೆಯಾಗಿಲ್ಲ. ಆದ್ದರಿಂದಲೇ ಹಳೆಯ ಗುತ್ತಿಗೆ ಪದ್ಧತಿಯನ್ನು ಮರಳಿ ತನ್ನಿ ಎಂದು ಯಾರೂ ಹೇಳಲಾರರು. ನೀರಾವನ್ನು ಸರ್ವರೋಗ ನಿವಾರಕ ಎಂದು ಸಾರುವ ಉತ್ಸಾಹವೂ ಬೇಡ. ಅದರಲ್ಲಿ ಸಕ್ಕರೆಯಿದೆ, ಮಧುಮೇಹಿಗಳು ಅದನ್ನು ನೆನಪಿಡಬೇಕು.

ಎರಡನೆಯ ಅಡ್ಡಿ ದುಡಿಯುವ ಕೈಗಳದ್ದು. ದಿನವೂ ತಪ್ಪದೆ ಮರ ಹತ್ತಿ ಹೊಂಬಾಳೆ ಸವರುವುದು ಕಠಿಣ, ಅಪಾಯದ ಕೆಲಸ. ಬಯಲುಸೀಮೆಯ ಈಡಿಗರಲ್ಲಿದ್ದ ಆ ಕುಶಲತೆ ನಿಷೇಧದ ನಂತರದ ವರ್ಷಗಳಲ್ಲಿ ಬಹುತೇಕ ಚದುರಿಹೋಯಿತು. ಕಾಯಿ ಕೀಳುವವರೇ ಸಿಗದ ತಿಪಟೂರಿನಲ್ಲಿ ನೀರಾ ಇಳಿಸುವವರು ಎಲ್ಲಿಂದ ಬರಬೇಕು? ಮೂರನೆಯದು ಮಾರುಕಟ್ಟೆಯದು. ಕೇರಳ 2014ರಲ್ಲಿ ನೀರಾಕ್ಕೆ ಅನುಮತಿ ಕೊಟ್ಟಿತು. ತೆಂಗು ಉತ್ಪಾದಕ ಕಂಪನಿಗಳು ದೊಡ್ಡ ನಿರೀಕ್ಷೆಯಿಂದ ಹುಟ್ಟಿಕೊಂಡವು. ಆದರೆ ಕೂಲಿಯ ಹೊರೆ, ಬೇಗ ಕೆಡುವ ಸರಕು, ಒಂದೊಂದು ಕಡೆ ಒಂದೊಂದು ಬಗೆಯ ಸಂಸ್ಕರಣೆ, ದುಬಾರಿ ಬೆಲೆ ಇವುಗಳ ನಡುವೆ ಅನೇಕ ಘಟಕಗಳು ಸೊರಗಿದವು. ಬರಿಯ ಅನುಮತಿಯಿಂದ ಉದ್ಯಮ ಹುಟ್ಟುವುದಿಲ್ಲ ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ.

ಆಗಬೇಕಾದದ್ದು

ಮೊದಲನೆಯದಾಗಿ, ಶೀತಕದಲ್ಲಿ ಸಂಗ್ರಹಿಸಿದ ಹುದುಗದ ರಸವನ್ನು ಅಬಕಾರಿಯ ಹಿಡಿತದಿಂದ ಬಿಡಿಸಿ ಹಾಲಿನಂತೆ ಆಹಾರ ಸುರಕ್ಷತೆಯ ನಿಯಮಗಳಿಗೆ ಒಳಪಡಿಸಬೇಕು. ಹುಳಿಯಾದದ್ದು ಸಿಕ್ಕಿದರೆ ಶಿಕ್ಷೆಯಿರಲಿ. ಆಮ್ಲೀಯತೆ ಅಳೆಯುವ ಸಣ್ಣ ಉಪಕರಣ ಸಾಕು, ಪೊಲೀಸರು ಬೇಕಿಲ್ಲ. ಹಳ್ಳಿಯಿಂದ ದಿನಕ್ಕೆ ಎರಡು ಬಾರಿ ಬೇಗ ಕೆಡುವ ಹಾಲನ್ನು ತಂಪಾಗಿಟ್ಟು ನಗರಕ್ಕೆ ತಲುಪಿಸುವ ವಿದ್ಯೆ ನಮ್ಮ ಸಹಕಾರ ಸಂಘಗಳಿಗೆ ಕರಗತವಾಗಿದೆ. ನೀರಾಕ್ಕೆ ಬೇಕಾದದ್ದೂ ಅದೇ ವಿದ್ಯೆ.

ಎರಡನೆಯದಾಗಿ, ಮಾರಾಟವಾಗದೆ ಉಳಿದ ರಸ ಹೆಂಡವಾಗದಂತೆ ನೋಡಿಕೊಳ್ಳುವ ಉತ್ತಮ ಉಪಾಯ ಅದಕ್ಕೆ ಬೇರೆ ದಾರಿ ಕೊಡುವುದು. ಏಳೆಂಟು ಲೀಟರ್ ರಸ ಕಾಯಿಸಿದರೆ ಒಂದು ಕಿಲೊ ತೆಂಗಿನ ಸಕ್ಕರೆ ದೊರೆಯುತ್ತದೆ. ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳು ಅದನ್ನು ಜಗತ್ತಿಗೆ ಮಾರುತ್ತಿವೆ. ತೆಂಗಿನ ವಿನೆಗರಿಗೂ ಬೇಡಿಕೆಯಿದೆ. ಮೂರನೆಯದಾಗಿ, ಮರ ಹತ್ತುವವರಿಗೆ ತರಬೇತಿ, ಸುರಕ್ಷಾ ಸಾಧನ, ಅಪಘಾತ ವಿಮೆ ಮತ್ತು ತಿಂಗಳ ಸಂಬಳ ಬೇಕು. ಕಸುಬು ಜಾತಿಯ ಹಣೆಪಟ್ಟಿ ಕಳಚಿ ವೃತ್ತಿಯಾಗದ ಹೊರತು ಯುವಕರು ಇತ್ತ ತಿರುಗಿ ನೋಡುವುದಿಲ್ಲ.

ಇನ್ನು ಹುದುಗಿದ ರಸದ ಮಾತು. ಮದ್ಯವೇ ಬೇಡವೆಂಬುದು ಸರ್ಕಾರದ ನಿಲುವಾದರೆ ಅದು ವೈನಿಗೂ ವಿಸ್ಕಿಗೂ ಅನ್ವಯವಾಗಲಿ. ಆ ನಿಲುವನ್ನು ಗೌರವಿಸಬಹುದು. ಹಣ್ಣಿನ ರಸದಿಂದ ಆದ ಲಘು ಪಾನೀಯ ರೈತನ ಬದುಕಿಗೆ ಆಸರೆ ಎಂಬುದು ನಿಲುವಾದರೆ, ಹೂವಿನ ರಸದಿಂದ ಆದ, ಅದಕ್ಕಿಂತ ಲಘುವಾದ ಪಾನೀಯವನ್ನು ಪರೀಕ್ಷಿಸಿ, ಮುದ್ರೆಯೊತ್ತಿದ ಬಾಟಲಿಯಲ್ಲಿ, ಅದೇ ನೀತಿಯ ಅಡಿಯಲ್ಲಿ ಮಾರುವ ವಿಚಾರವನ್ನಾದರೂ ಮುಕ್ತವಾಗಿ ಚರ್ಚಿಸಲಿ. ಎರಡೂ ನಿಲುವುಗಳನ್ನು ಏಕಕಾಲಕ್ಕೆ ಹಿಡಿದುಕೊಂಡು, ಒಂದನ್ನು ನಂದಿ ಬೆಟ್ಟದ ಬುಡಕ್ಕೂ ಇನ್ನೊಂದನ್ನು ತುರುವೇಕೆರೆಗೂ ಹಂಚುವುದು ಮಾತ್ರ ನೀತಿಯಲ್ಲ.

2025ರ ಏರಿದ ಬೆಲೆಯನ್ನು ಕಂಡವರಿಗೆ ಈ ಮಾತು ಈಗ ಅನಗತ್ಯವೆನಿಸಬಹುದು. ಆದರೆ ಕೊಬ್ಬರಿಯ ಬೆಲೆ ಏರಿದಾಗಲೆಲ್ಲ ಇಳಿದೂ ಇದೆ. ಬೆಲೆ ಬಿದ್ದ ಮೇಲೆ ಬೀದಿಗಿಳಿದ ರೈತನೊಡನೆ ಮಾತನಾಡುವುದಕ್ಕಿಂತ, ಬೆಲೆ ಇರುವಾಗ ಅವನ ತೋಟದಲ್ಲಿ ಕುಳಿತು ಮಾತನಾಡುವುದು ಸುಲಭ. ವಿಠಲೇನಹಳ್ಳಿಯ ನಂತರ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ. ಆಗ ಇಲ್ಲದ ಶೀತಕ, ಶೈತ್ಯ ಸಾಗಣೆ, ಪರೀಕ್ಷಾ ಸಾಧನಗಳೆಲ್ಲ ಈಗ ಇವೆ. ಇಲ್ಲದಿರುವುದು ತೆಂಗನ್ನೂ ದ್ರಾಕ್ಷಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಮನಸ್ಸು ಮಾತ್ರ.